ಜಾಲಿಸುವುದು

ಅಕ್ಕಿಯಲ್ಲಿ ಕಲ್ಲಿದ್ದರೆ ಅವ್ವ ಜಾಲಿಸುತ್ತಿದ್ದಳು.
ಬೋಗುಣಿ ಓರೆ ಮಾಡಿ, ನೀರು ತುಳುಕಿಸಿ, ಮತ್ತೆ ಓರೆ ಮಾಡಿ.
ಹಗುರಾದದ್ದು ತೇಲಿ ಮುಂದಿನ ಪಾತ್ರೆಗೆ,
ಭಾರವಾದದ್ದು ತಳಕ್ಕೆ.
ತಳದ್ದನ್ನು ಹಿತ್ತಲಿಗೆ ಚೆಲ್ಲಿ
ಸೆರಗಿಗೆ ಕೈ ಒರೆಸಿಕೊಂಡರೆ ಮುಗಿಯಿತು.

ಅಕ್ಕಲಕೋಟದ ಅಡುಗೆಮನೆಯ ಆ ಒಂದು ಮಾತು
ಪುಣೆಯ ನಾಗಝರಿ ನಾಲಾದೊಳಗೆ
ಮೊಣಕಾಲುದ್ದ ರಾಡಿಯಲ್ಲಿ ನಿಂತಾಗ
ನೆನಪಾದೀತೆಂದು ಎಣಿಸಿರಲಿಲ್ಲ.

ನನ್ನ ಕೆಲಸ ಇಷ್ಟೇ:
ನಾಲ್ಕಡಿ ಪ್ಲಾಸ್ಟಿಕ್ ಕೊಳವೆಯನ್ನು ಕೆಸರಿಗೆ ನೆಟ್ಟಗೆ ಒತ್ತುವುದು,
ಬಾಯಿಗೆ ಬಿರಡೆ ಬಿಗಿಯುವುದು, ಮೆಲ್ಲಗೆ ಎಳೆಯುವುದು.
ಗಾಳಿ ನುಗ್ಗಿದರೆ ಇಷ್ಟೂ ವರ್ಷ
ಪಚಕ್ಕನೆ ಬುಡದಿಂದ ಜಾರಿ ಬೀಳುತ್ತವೆ.
ಓಗಲೆ ಮೇಡಂ ದಂಡೆಯ ಮೇಲೆ ಮೂಗು ಮುಚ್ಚಿಕೊಂಡು
'ಇನ್ನೂ ಕೆಳಗೆ, ಇನ್ನೂ ಕೆಳಗೆ' ಅನ್ನುತ್ತಾರೆ.

ಇಪ್ಪತ್ತು ಹೆಜ್ಜೆ ಆಚೆ ಹೌಸಾಬಾಯಿ.
ರವಿವಾರ ಪೇಟೆಯ ಸರಾಫರ ಗಟಾರು ಬಳಿದು ತಂದ ಕೆಸರನ್ನು
ಕಬ್ಬಿಣದ ತಟ್ಟೆಯಲ್ಲಿ ತಿರುಗಿಸುತ್ತಾಳೆ,
ಓರೆ, ತುಳುಕು, ಓರೆ.
ಅದೇ ಮಣಿಕಟ್ಟು. ಅದೇ ತಾಳ.
ಅವಳದು ಮಾತ್ರ ತಲೆಕೆಳಗು:
ಹಗುರಾದದ್ದು ನಾಲಾಕ್ಕೆ, ತಳದ್ದು ಉಡಿಗೆ.

ಅರ ತಾಗಿ ಉದುರಿದ ಬಂಗಾರದ ಪುಡಿ ಅದು.
ಬಿಗಿಯಾಯಿತೆಂದು ನಾನು ಒಳಗಿಂದ ಉಜ್ಜಿಸಿದ
ಮದುವೆಯುಂಗುರದ್ದೂ ಒಂದು ಕಣ
ಅವಳ ತಟ್ಟೆಯನ್ನು ಹಾದಿರಬಹುದು, ಯಾರು ಬಲ್ಲರು.

ಕೊನೆಗೆ ಒಂದು ಶೀಷೆ ತೆಗೆಯುತ್ತಾಳೆ.
ಪಾದರಸ ಹನಿ ಬಿದ್ದು ಓಡಾಡಿ
ಬಂಗಾರವನ್ನೆಲ್ಲ ನೆಕ್ಕಿ ನುಂಗುತ್ತದೆ.
ಹಳೆ ಧೋತರದ ಚಿಂದಿಯಲ್ಲಿ ಹಿಂಡಿ, ಒಲೆಗಿಟ್ಟರೆ
ರಸ ಹೊಗೆಯಾಗಿ ಹೋಗಿ, ಜೋಳದ ಕಾಳಿನಷ್ಟು ಹಳದಿ ಉಳಿಯುತ್ತದೆ.
ತೊಳೆದ ನೀರು? ನಾಲಾಕ್ಕೆ.
ಹೊಗೆ? ಅವಳು ಊದುವುದು ಬಾಯಿಂದಲೇ.

'ನಿನ್ನ ಕೊಳವೆಯಾಗ ಏನು ಸಿಕ್ತು?'
ಸೀಸ, ಅಂದೆ. ಸತು, ತಾಮ್ರ, ಕ್ರೋಮಿಯಂ.
ತಾಮ್ರಕ್ಕೆ ತಲೆಯಾಡಿಸಿದಳು, ಕಸಬಾ ಪೇಟೆ ಕಡೆ ಗದ್ದ ಎತ್ತಿ:
ತಾಂಬಟರು ಹಂಡೆ ಬಡಿಯುವ ಓಣಿ ಅದು,
ಈಗ ಸುತ್ತಿಗೆ ಸದ್ದು ನಾಲ್ಕೈದು ಮನೆಗಷ್ಟೇ.
'ಕಿಲೋಕ್ಕ ಎಷ್ಟು ಬರ್ತದ?'
ಯಾರೂ ಕೊಳ್ಳೋದಿಲ್ಲ ಅಂದೆ.
'ಮತ್ತ್ಯಾಕ ಎತ್ತತಿ?'

ಮೇಡಂ ಹತ್ತಿರ ಅದಕ್ಕೆ ಉತ್ತರವಿತ್ತು,
ಮರಾಠಿಯಲ್ಲಿ, ತಾಳ್ಮೆಯಿಂದ, ಹತ್ತು ನಿಮಿಷ.
ಹೌಸಾಬಾಯಿ ಕೇಳಿಸಿಕೊಂಡಳು,
ಎಲೆಯಡಿಕೆ ಬಾಯಿಗಿಟ್ಟುಕೊಳ್ಳಲು ಹೋಗಿ
ಎರಡು ಸಲ ಬೀಳಿಸಿದಳು.
ಬೆರಳು ಗಡಗಡ.
ವಯಸ್ಸು, ಅಂದಳು. ಸೂಜಿಗೆ ದಾರ ಪೋಣಿಸೋದು ಬಿಟ್ಟು
ಆರು ವರ್ಷ ಆಯ್ತು, ಅಂದಳು.
ತಟ್ಟೆ ಹಿಡಿದಾಗ ಮಾತ್ರ ಆ ನಡುಕವೇ ತಾಳವಾಗಿ
ಕೆಲಸ ಹಗುರ ಮಾಡುತ್ತದಂತೆ.

ನಾನು ಮೇಡಂ ಕಡೆ ನೋಡಿದೆ.
ಮೇಡಂ ಶೀಷೆಯ ಕಡೆ.
ಕೂದಲಿನ ಒಂದು ಎಳೆ ಕೊಡ್ತೀರಾ ಎಂದು ಕೇಳಿದ್ದಕ್ಕೆ
ಹೌಸಾಬಾಯಿ ನಕ್ಕು, ಇಪ್ಪತ್ತು ರೂಪಾಯಿ ಅಂದಳು.
ಕೊಟ್ಟೆವು. ಚೀಟಿ ಅಂಟಿಸಿದೆ.

ಸಂಜೆ ಕೊಳವೆ ಸೀಳಿ ಮಲಗಿಸಿದಾಗ
ಮೇಲೆ ಎಣ್ಣೆಗಪ್ಪು, ಅದರ ಕೆಳಗೆ
ವಿಸರ್ಜನೆಯ ಬಣ್ಣದ ತೆಳು ಗೆರೆ,
ಯಾವುದೋ ಮಹಾಪೂರದ ಮರಳು,
ಮತ್ತೆ ಕಪ್ಪು, ಮತ್ತೆ ಕಪ್ಪು,
ಕಟ್ಟಕಡೆಗೆ ಒಂದು ಗೇಣು
ಕಂದು ಜೇಡಿ, ಮೊದಲ ಮಳೆಯಂಥ ವಾಸನೆ.
ಹೊಲಸು ಎಷ್ಟೆಂದು ಹೇಳಲು
ನಮಗಿಂತ ಮೊದಲಿನ ಮಣ್ಣು ಬೇಕು.
ಅದನ್ನೂ ಅರೆದು, ಆಮ್ಲದಲ್ಲಿ ಕರಗಿಸಿಯೇ
ಶುದ್ಧವೆಂದು ಬರೆಯಬೇಕು.

ಆ ಜೇಡಿಯಲ್ಲಿ ಒಂದು ಶಂಖದಹುಳದ ಚಿಪ್ಪು.
ಅಕ್ಕಿಕಾಳಿನಷ್ಟು, ಬೆಳ್ಳಗೆ.

ಮನೆಗೆ ಹೊರಟ ಹೌಸಾಬಾಯಿ ಬಗ್ಗಿ ನೋಡಿ
ಉಗುರಲ್ಲಿ ಎತ್ತಿ ತಟ್ಟೆಗೆ ಹಾಕಿ ನೀರು ತುಳುಕಿಸಿದಳು,
ಬರೀ ರೂಢಿಗೆ.
'ಹಗುರ ಐತಿ' ಅನ್ನುವಷ್ಟರಲ್ಲಿ
ಅದು ಅಂಚು ದಾಟಿತ್ತು.

ಆಳ: ನೂರಾ ಹನ್ನೆರಡು ಸೆಂಟಿಮೀಟರ್.
ಬಣ್ಣ: ಕಂದು.
ಚಿಪ್ಪು: ಇಲ್ಲ, ಎಂದು ಬರೆದೆ.